ನಮ್ಮ ಬೀದಿಯ ಹಿಮವನ್ನು ಅಳೆಯುವವರು

ಆತ್ಮೀಯರೇ,

ಸಂಕ್ರಾಂತಿ ಸಂಚಿಕೆ ನಾಳೆ ಬೆಳಿಗ್ಗೆ ನಿಮ್ಮನ್ನು ತಲುಪಬೇಕು. ರಾತ್ರಿ ಹನ್ನೊಂದೂವರೆಯಾದರೂ ಈ ಒಂದು ಪುಟ ಖಾಲಿ ಉಳಿದಿದೆ. ಎಳ್ಳು-ಬೆಲ್ಲದ ಬಗ್ಗೆ ಬರೆಯಬೇಕೆಂದಿದ್ದೆ. ಆದರೆ ಎದುರುಮನೆಯ ಹಿರಿಯರು ಕಳೆದ ವಾರ ಮನೆ ಮಾರಿ ಅರಿಜೋನಾದಲ್ಲಿರುವ ಮಗನ ಬಳಿಗೆ ಹೊರಟಾಗ, ನನ್ನ ಹತ್ತು ವರ್ಷದ ಮಗ ಕೇಳಿದ ಪ್ರಶ್ನೆ ಬೇರೇನನ್ನೂ ಬರೆಯಗೊಡುತ್ತಿಲ್ಲ: “ಅಮ್ಮಾ, ಅಜ್ಜ ಹೋದಮೇಲೆ ನಮ್ಮ ಬೀದಿಯ ಸ್ನೋ ಯಾರು ಅಳೀತಾರೆ?”

ಅವರು ಹ್ಯಾಮ್, ಅಂದರೆ ಪರವಾನಗಿ ಪಡೆದ ಹವ್ಯಾಸಿ ರೇಡಿಯೊ ಬಳಕೆದಾರರು. ಜೊತೆಗೆ ಅಮೆರಿಕದ ರಾಷ್ಟ್ರೀಯ ಹವಾಮಾನ ಸೇವೆಯ ‘ಸ್ಕೈವಾರ್ನ್’ ಯೋಜನೆಯಲ್ಲಿ ತರಬೇತಿ ಪಡೆದ ಸ್ವಯಂಸೇವಕರು. ಬಿರುಗಾಳಿ ಬಂದಾಗಲೆಲ್ಲ ತಮ್ಮ ಮನೆಯ ಹೊರಗೆ ಕಂಡದ್ದನ್ನು ಅಳೆದು, ರೇಡಿಯೊದಲ್ಲಿ ತಿಳಿಸುತ್ತಿದ್ದರು. ಅದರ ಬೆಲೆ ನನಗೆ ತಿಳಿದದ್ದು 2008ರ ಡಿಸೆಂಬರ್ 11ರ ರಾತ್ರಿ.

ಆಗ ನಾವು ಮ್ಯಾಸಚೂಸೆಟ್ಸ್‌ನ ಹೋಲ್ಡನ್‌ಗೆ ಬಂದು ನಾಲ್ಕು ತಿಂಗಳಾಗಿತ್ತು. ಹಿರಿಮಗಳು ಐದು ತಿಂಗಳ ಕೂಸು, ಬಾಣಂತನಕ್ಕೆಂದು ಅಮ್ಮ ಸಾಗರದಿಂದ ಬಂದಿದ್ದರು. ಸಂಜೆಯಿಂದ ಮಳೆ ಹನಿಯುತ್ತಿತ್ತು; ಹಿಮವಲ್ಲ, ಬರೀ ಮಳೆ ಎಂದು ನಾನು ನೆಮ್ಮದಿಯಿಂದಲೇ ಇದ್ದೆ. ಮೇಲಿನ ಬೆಚ್ಚನೆಯ ಗಾಳಿಯಲ್ಲಿ ಕರಗಿ ನೀರಾದ ಹನಿ ನೆಲದ ಬಳಿಯ ತೆಳುವಾದ ಶೀತಪದರವನ್ನು ಹಾದು ಬಂದು, ಕೊಂಬೆಯನ್ನೋ ತಂತಿಯನ್ನೋ ಮುಟ್ಟಿದೊಡನೆ ಗಾಜಾಗಿ ಹೆಪ್ಪುಗಟ್ಟುತ್ತದೆ ಎಂಬುದು ಆಗ ನನಗೆ ಗೊತ್ತಿರಲಿಲ್ಲ. ನಡುರಾತ್ರಿಯ ಹೊತ್ತಿಗೆ ದೀಪ ಹೋಯಿತು, ಅದರೊಂದಿಗೆ ಮನೆಯ ಹೀಟರೂ ನಿಂತಿತು. ಹೊರಗೆ ಮರಗಳು ಒಂದೊಂದಾಗಿ ಸೀಳತೊಡಗಿದವು. ಅಮ್ಮ ಕತ್ತಲಲ್ಲಿ ಕೂಸನ್ನು ಎದೆಗವುಚಿಕೊಂಡು, “ಬೆಟ್ಟಕ್ಕೆ ಬೆಂಕಿ ಬಿದ್ದು ಬಿದಿರುಮೆಳೆ ಸಿಡಿದ ಹಾಗೆ ಕೇಳ್ತದಲ್ಲೇ” ಎಂದರು. ಬೆಳಗಿನ ಜಾವಕ್ಕೆ ಮೊಬೈಲಿನ ಸಿಗ್ನಲ್ಲೂ ಇಲ್ಲವಾಯಿತು.

ಕಿಟಕಿಯಿಂದ ನೋಡಿದರೆ ಎದುರುಮನೆಯವರು ಟಾರ್ಚ್ ಹಿಡಿದು ಅಂಗಳದಲ್ಲಿ ನಿಂತು, ಮುರಿದು ಬಿದ್ದ ಟೊಂಗೆಯೊಂದಕ್ಕೆ ಅಡ್ಡಲಾಗಿ ಅಳತೆಪಟ್ಟಿ ಇಟ್ಟು, ಕೈಯಲ್ಲಿದ್ದ ಸಣ್ಣ ರೇಡಿಯೊದಲ್ಲಿ ಏನನ್ನೋ ಹೇಳುತ್ತಿದ್ದರು. ಆಮೇಲೆ ನಮ್ಮ ಬಾಗಿಲು ತಟ್ಟಿ, ಒಳಗೆ ಎಷ್ಟು ಮಂದಿ ಇದ್ದೀರಿ, ಮಗು ಬೆಚ್ಚಗಿದೆಯೇ ಎಂದು ಕೇಳಿದರು. ನಮ್ಮೆದುರೇ ತಮ್ಮ ಕರೆಸಂಕೇತ (ಪರವಾನಗಿಯೊಂದಿಗೆ ಸಿಗುವ ಗುರುತಿನ ಅಕ್ಷರಗಳು) ಹೇಳಿ, ಕೂಸೊಂದು ಮತ್ತು ವಯಸ್ಸಾದವರೊಬ್ಬರು ಇದ್ದಾರೆ, ಬೆಚ್ಚನೆಯ ಆಶ್ರಯ ಎಲ್ಲಿ ತೆರೆದಿದೆ ಎಂದು ವಿಚಾರಿಸಿದರು. ಸಣ್ಣ ರೇಡಿಯೊಗಳ ದನಿಯನ್ನು ಹಿಡಿದು ದೂರಕ್ಕೆ ಮತ್ತೆ ಬಿತ್ತರಿಸುವ, ಗುಡ್ಡದ ಮೇಲಿನ ರಿಪೀಟರ್ ಬ್ಯಾಟರಿಯ ಬಲದಲ್ಲಿ ಇನ್ನೂ ಜೀವಂತವಾಗಿತ್ತು. ಎರಡೇ ನಿಮಿಷದಲ್ಲಿ ಉತ್ತರ ಬಂತು. ಶಾಲೆಯ ಹೆಸರೂ, ಮರ ಬಿದ್ದಿರದ ದಾರಿಯೂ. ಆ ಬಿರುಗಾಳಿಯಲ್ಲಿ ಪಕ್ಕದ ರಾಜ್ಯ ನ್ಯೂ ಹ್ಯಾಂಪ್‌ಶೈರ್ ಒಂದರಲ್ಲೇ 4 ಲಕ್ಷಕ್ಕೂ ಹೆಚ್ಚು ವಿದ್ಯುತ್ ಸಂಪರ್ಕಗಳು ಕಡಿದುಹೋದವು. ಕೆಲವೆಡೆ ದೀಪ ಬರಲು ಎರಡು ವಾರ ಹಿಡಿಯಿತು.

ಉಪಗ್ರಹ, ರೇಡಾರ್ ಎಲ್ಲ ಇರುವಾಗ ಅಳತೆಪಟ್ಟಿ ಹಿಡಿದ ಮನುಷ್ಯನೇಕೆ ಎಂದು ನಾನೊಮ್ಮೆ ಅವರನ್ನು ಕೇಳಿದ್ದೆ. ರೇಡಾರಿನ ಕಿರಣ ದೂರ ಹೋದಂತೆಲ್ಲ ಭೂಮಿಯಿಂದ ಮೇಲಕ್ಕೇರುತ್ತದೆ. ನೆಲದ ಹತ್ತಿರದ ಕೆಲವು ನೂರು ಅಡಿಗಳಲ್ಲಿ ಮಳೆ ಮಳೆಯಾಗಿಯೇ ಉಳಿಯಿತೋ ಮಂಜುಗಡ್ಡೆಯಾಯಿತೋ ಎಂಬುದು ಅದಕ್ಕೆ ಕಾಣುವುದಿಲ್ಲ. ಒಂದೆರಡು ಡಿಗ್ರಿಯ ವ್ಯತ್ಯಾಸದಿಂದ ಕಣಿವೆಯಲ್ಲಿ ಬರೀ ಮಳೆ, ಗುಡ್ಡದ ಮೇಲೆ ಅನಾಹುತ. ಆದ್ದರಿಂದಲೇ ಹವಾಮಾನ ಕಚೇರಿಗಳಲ್ಲಿಯೂ ಹ್ಯಾಮ್ ಕೇಂದ್ರಗಳಿವೆ. ನಮ್ಮ ಭಾಗದ ನಾರ್ಟನ್ ಕಚೇರಿಯ ಕೇಂದ್ರದ ಕರೆಸಂಕೇತ ಡಬ್ಲ್ಯು-ಎಕ್ಸ್-1-ಬಿ-ಒ-ಎಕ್ಸ್. ‘ನೆಟ್ ಕಂಟ್ರೋಲ್’ ಎಂಬ ಒಬ್ಬರು ಸರದಿಯಂತೆ ಒಬ್ಬೊಬ್ಬರನ್ನೇ ಕರೆದು, ಸ್ಥಳ, ಹೊತ್ತು, ಅಳತೆ ಕೇಳಿ ಬರೆದುಕೊಂಡು ಮುನ್ಸೂಚಕರಿಗೆ ದಾಟಿಸುತ್ತಾರೆ. ಅಂದಾಜಿನ ಮಾತು ಅಲ್ಲಿ ಸಲ್ಲದು. ಬಿಳಿ ಬಣ್ಣ ಬಳಿದ ಹಲಗೆಯ ಮೇಲೆ ಬಿದ್ದ ಹಿಮವನ್ನು ಇಂಚಿನ ಹತ್ತನೇ ಒಂದು ಭಾಗದವರೆಗೆ ಅಳೆಯಬೇಕು. ಆರು ತಾಸಿಗೆ ಒಂದು ಸಲಕ್ಕಿಂತ ಹೆಚ್ಚಾಗಿ ಹಲಗೆಯನ್ನು ಒರೆಸಿ ಲೆಕ್ಕ ಹಿಗ್ಗಿಸಬಾರದು.

ನನ್ನ ಮನವಿ ಇಷ್ಟೇ. ನಮ್ಮ ಕೂಟದ ಎಷ್ಟೋ ಮನೆಗಳಲ್ಲಿ ಊರಿನಿಂದ ಬಂದ ತಂದೆ-ತಾಯಿ ಹಗಲೆಲ್ಲ ಒಬ್ಬಂಟಿಯಾಗಿರುತ್ತಾರೆ. ದೀಪ ಹೋಗಿ ಫೋನೂ ಸತ್ತ ದಿನ ಅವರ ಬಾಗಿಲು ತಟ್ಟಲು ಪಟ್ಟಣಕ್ಕೊಬ್ಬರಾದರೂ ಹ್ಯಾಮ್‌ಗಳು ನಮ್ಮೊಳಗೆ ಬೇಕು. ಹ್ಯಾಮ್ ಪರವಾನಗಿಯ ಮೊದಲ ಹಂತವಾದ ಟೆಕ್ನಿಷಿಯನ್ ಪರೀಕ್ಷೆಯಲ್ಲಿ 35 ಪ್ರಶ್ನೆಗಳು, 26 ಸರಿಯಾದರೆ ಉತ್ತೀರ್ಣ. ಮೋರ್ಸ್ ಸಂಕೇತ ಕಲಿಯಬೇಕಿಲ್ಲ, ಪೌರತ್ವ ಬೇಕಿಲ್ಲ, ಮಕ್ಕಳಿಗೂ ವಯಸ್ಸಿನ ಅಡ್ಡಿಯಿಲ್ಲ. ಸ್ಕೈವಾರ್ನ್ ತರಬೇತಿಗಂತೂ ಪರವಾನಗಿಯೂ ಬೇಡ, ಶುಲ್ಕವೂ ಇಲ್ಲ. ಬೆಂಗಳೂರಿನಲ್ಲಿದ್ದಾಗ ವಿಯು-2, ವಿಯು-3 ಎಂದು ಶುರುವಾಗುವ ಭಾರತದ ಹ್ಯಾಮ್ ಕರೆಸಂಕೇತ ಪಡೆದಿದ್ದವರು ನಮ್ಮಲ್ಲಿದ್ದರೆ ದಯವಿಟ್ಟು ಮುಂದೆ ಬನ್ನಿ, ನಮಗೆ ಕಲಿಸಿ.

ಉಳಿದ ಸೂಚನೆಗಳು: ಸಂಕ್ರಾಂತಿ ಕಾರ್ಯಕ್ರಮ ಈ ಶನಿವಾರ ಮಧ್ಯಾಹ್ನ ಮೂರಕ್ಕೆ, ಹಿಮ ಬಿದ್ದರೆ ಮರುದಿನ ಅದೇ ಹೊತ್ತಿಗೆ. ಎಳ್ಳು ಬೀರುವ ಮಕ್ಕಳ ಹೆಸರನ್ನು ಗುರುವಾರದೊಳಗೆ ಕೊಡಿ. ಅಡುಗೆಗೆ ಇನ್ನೂ ನಾಲ್ವರು ಬೇಕು. ಕನ್ನಡ ತರಗತಿ ಮುಂದಿನ ಭಾನುವಾರದಿಂದ ಮತ್ತೆ ಆರಂಭ. ಯುಗಾದಿ ಸಂಚಿಕೆಗೆ ಕರಡು ತಿದ್ದಲು ಯಾರಾದರೂ ಕೈಜೋಡಿಸಿ. ಮೂರು ವರ್ಷದಿಂದ ನಾನೊಬ್ಬಳೇ ಮಾಡುತ್ತಿದ್ದೇನೆ, ನಿಜವಾಗಿಯೂ ದಣಿದಿದ್ದೇನೆ.

ಹೊರಡುವಾಗ ಹಿರಿಯರು ತಮ್ಮ ಬಿಳಿ ಹಲಗೆಯನ್ನು ನನ್ನ ಮಗನ ಕೈಗಿತ್ತರು. ಅದೀಗ ನಮ್ಮ ಹಿತ್ತಲಲ್ಲಿದೆ. ಇಂದು ಬೆಳಿಗ್ಗೆ ಏಳು ಗಂಟೆಗೆ ಅವನು ಅಳೆದು ಬಂದು ಹೇಳಿದ ಲೆಕ್ಕ 4.2 ಇಂಚು. ರೇಡಿಯೊದಲ್ಲಿ ಹೇಳಲು ನಮಗೆ ಇನ್ನೂ ಕರೆಸಂಕೇತವಿಲ್ಲದ್ದರಿಂದ ಅಂತರ್ಜಾಲದ ಮೂಲಕ ಕಳುಹಿಸಿದೆವು. ನಮ್ಮಿಬ್ಬರ ಪರೀಕ್ಷೆ ಫೆಬ್ರವರಿಯಲ್ಲಿದೆ.