ಶಾಲು ಹೊದಿಸಿದ ಮೇಲೆ ಪ್ರಶ್ನೆಯನ್ನೂ ಕೇಳೋಣ

ಮುಂದಿನ ಸಂಚಿಕೆಯಿಂದ, ಹೊರದೇಶದಲ್ಲಿರುವ ಕನ್ನಡಿಗರಾದ ನಮ್ಮ ಸುದ್ದಿಪತ್ರದಲ್ಲಿ ಹೊಸ ಅಂಕಣವೊಂದು ಶುರುವಾಗುತ್ತಿದೆ. ಊರಿನಿಂದ ಇಲ್ಲಿಗೆ ಬರುವ ಸಾಹಿತಿಗಳು, ಇಲ್ಲಿನ ಕಾಲೇಜುಗಳಲ್ಲಿ ಪಾಠ ಮಾಡುವ ನಮ್ಮವರೇ ಆದ ಪ್ರಾಧ್ಯಾಪಕರು, ಇವರ ಜೊತೆ ವಿಜ್ಞಾನ, ನಂಬಿಕೆ, ಸಮಾಜದ ಬಗ್ಗೆ ಮಾತುಕತೆ. ಸಮಿತಿಯಲ್ಲಿ ಈ ವಿಷಯ ಬಂದಾಗ ಹಿರಿಯರೊಬ್ಬರು, "ಗಣೇಶನ ಹಬ್ಬಕ್ಕೆ ಎಲ್ಲರೂ ಒಟ್ಟಿಗೆ ಸೇರ್ತೀವಿ. ಸುಮ್ನೆ ಮನಸ್ತಾಪ ಯಾಕೆ?" ಅಂದರು. ಅವರ ಆತಂಕ ಅರ್ಥವಾಗುತ್ತದೆ. ಆದರೂ ಈ ಮಾತು ಆಡಲೇಬೇಕು ಅನ್ನುವುದು ನನ್ನ ನಿಲುವು. ಕನ್ನಡದ ದೊಡ್ಡವರು ಇದನ್ನು ಎಂದೋ ಶುರುಮಾಡಿದ್ದಾರೆ.

ಎಚ್. ನರಸಿಂಹಯ್ಯನವರನ್ನೇ ನೋಡಿ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನವರು. ಓದಬೇಕು ಅಂತ ಬೆಂಗಳೂರಿಗೆ ನಡೆದೇ ಬಂದ ಹುಡುಗ. ಮುಂದೆ ಅಮೆರಿಕದ ಓಹಾಯೋ ಸ್ಟೇಟ್ ಯೂನಿವರ್ಸಿಟಿಯಲ್ಲಿ ನ್ಯೂಕ್ಲಿಯರ್ ಫಿಸಿಕ್ಸ್‌ನಲ್ಲಿ ಪಿಎಚ್‌ಡಿ ಮಾಡಿ, ಬಸವನಗುಡಿಯ ನ್ಯಾಷನಲ್ ಕಾಲೇಜಿಗೇ ಮರಳಿದರು. 1962ರಲ್ಲಿ ಅಲ್ಲಿ ಬೆಂಗಳೂರು ಸೈನ್ಸ್ ಫೋರಂ ಕಟ್ಟಿದರು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡ ಮತ್ತು ಮೂಢನಂಬಿಕೆಗಳನ್ನು ಪರೀಕ್ಷಿಸಲು ಒಂದು ಸಮಿತಿ ಮಾಡಿದರು.

ಆ ಸಮಿತಿ ಪಾಂಡವಪುರಕ್ಕೆ ಹೋಯಿತು. ಅಲ್ಲಿ ಏಳು ವರ್ಷದ ಹುಡುಗನೊಬ್ಬ ವಿಭೂತಿ ಸೃಷ್ಟಿಸುತ್ತಾನೆ ಅಂತ ಜನ ಮುಗಿಬೀಳುತ್ತಿದ್ದರು. ಬಟ್ಟೆ ತೆಗೆಸಿ ನೋಡಿದರೆ ಬನಿಯನ್ನಿನೊಳಗೆ ವಿಭೂತಿ ಅಡಗಿಸಿತ್ತು. ಆ ಮಗುವನ್ನು ನೆನೆದರೆ ನನಗೆ ಸಂಕಟವಾಗುತ್ತದೆ. ಅದನ್ನು ಅಲ್ಲಿ ಇಟ್ಟವರು ದೊಡ್ಡವರೇ ಇರಬೇಕು, ಅಲ್ವಾ?

ಬರಿಗೈಯಿಂದ ವಿಭೂತಿ ಸೃಷ್ಟಿಸುತ್ತಾರೆ ಅಂತ ಭಕ್ತರು ನಂಬಿದ್ದ ಸತ್ಯಸಾಯಿಬಾಬಾ ಅವರಿಗೂ ನರಸಿಂಹಯ್ಯನವರು ಪತ್ರ ಬರೆದರು, ಪರೀಕ್ಷೆಗೆ ಒಪ್ಪಿಕೊಳ್ಳಿ ಅಂತ. ಪರೀಕ್ಷೆ ನಡೆಯಲಿಲ್ಲ. ವಿಜ್ಞಾನಕ್ಕೆ ಸಿಗುವುದು ಇಂದ್ರಿಯಗಳಿಗೆ ನಿಲುಕುವಷ್ಟು ಮಾತ್ರ, ಅಧ್ಯಾತ್ಮ ಅದರಾಚೆಯದು ಅನ್ನುವುದು ಬಾಬಾ ಅವರ ವಾದವಾಗಿತ್ತು. ಈ ವಾದವನ್ನು ನಾನು ತಳ್ಳಿಹಾಕುವುದಿಲ್ಲ. ಪ್ರಾರ್ಥನೆಯಿಂದ ಒಬ್ಬರಿಗೆ ಸಿಗುವ ಸಮಾಧಾನವನ್ನು ಯಾವ ತಕ್ಕಡಿಯಲ್ಲೂ ತೂಗಲಾಗದು. ಆದರೆ ಬೂದಿಯನ್ನು ತೂಗಬಹುದು. ಅದು ಕೈಗೆ ಸಿಗುವ ವಸ್ತು. ಎಲ್ಲಿಂದ ಬಂತು ಅಂತ ಕೇಳುವುದು ಯಾರ ಭಕ್ತಿಗೂ ಮಾಡುವ ಅವಮಾನವಲ್ಲ. 1977ರಲ್ಲಿ ಸಮಿತಿಯೇ ಮುಚ್ಚಿಹೋಯಿತು.

ಇನ್ನೊಂದು ಕಡೆ ಯು.ಆರ್. ಅನಂತಮೂರ್ತಿ. ಅವರು ಹೇಳುತ್ತಿದ್ದ ಒಂದು ಪ್ರಸಂಗ ಹಲವರಿಗೆ ಗೊತ್ತಿರಬಹುದು. ಹಳ್ಳಿ ಹಳ್ಳಿ ಸುತ್ತುತ್ತಿದ್ದ ಚಿತ್ರಕಲಾವಿದರೊಬ್ಬರು ಒಬ್ಬ ರೈತನ ಗುಡಿಸಲಲ್ಲಿ ಕುಂಕುಮ ಹಚ್ಚಿದ ಕಲ್ಲು ನೋಡಿದರು. ಫೋಟೋ ತೆಗೆಯಲು ಬೆಳಕು ಸಾಲದೆ ಕಲ್ಲನ್ನು ಹೊರಗೆ ತರಿಸಿದರು. ಆಮೇಲೆ ಮೈಲಿಗೆ ಮಾಡಿದೆನೇನೋ ಅಂತ ಕಸಿವಿಸಿಯಾಗಿ ಕ್ಷಮೆ ಕೇಳಿದರು. ರೈತ, ಪರವಾಗಿಲ್ಲ, ಇನ್ನೊಂದು ಕಲ್ಲು ತಂದು ಕುಂಕುಮ ಹಚ್ಚುತ್ತೇನೆ ಅಂದ. ಅವನ ನಂಬಿಕೆ ಇದ್ದದ್ದು ಆ ಒಂದು ಕಲ್ಲಿನಲ್ಲಿ ಅಲ್ಲ. ವಿಚಾರವಾದಿ ತಾನು ಒಡೆಯುತ್ತಿರುವುದು ಏನನ್ನು ಅಂತ ಒಮ್ಮೆ ನಿಂತು ನೋಡಬೇಕು ಅನ್ನುವಂತೆ ಮಾಡುವ ಪ್ರಸಂಗ ಇದು.

ಅನಂತಮೂರ್ತಿ ಈ ಯೋಚನೆಗೆ ಬಿದ್ದದ್ದು ಚಂದ್ರಗುತ್ತಿಯ ಘಟನೆಯಿಂದ. ಸೊರಬ ತಾಲ್ಲೂಕಿನ ರೇಣುಕಾಂಬೆ ಜಾತ್ರೆಯಲ್ಲಿ ಹರಕೆ ಹೊತ್ತವರು ಬೆತ್ತಲೆಯಾಗಿ ದೇವಸ್ಥಾನಕ್ಕೆ ಹೋಗುತ್ತಿದ್ದರು. 1986ರಲ್ಲಿ ದಲಿತ ಸಂಘರ್ಷ ಸಮಿತಿಯವರು ಅದನ್ನು ತಡೆಯಲು ಹೋದಾಗ ಜನ ತಿರುಗಿಬಿದ್ದರು. ಕಾರ್ಯಕರ್ತರ, ಪೊಲೀಸರ ಬಟ್ಟೆಯನ್ನೇ ಹರಿದರು. ಆಮೇಲೆ ಸರ್ಕಾರ ಬೆತ್ತಲೆ ಸೇವೆಯನ್ನು ನಿಷೇಧಿಸಿತು. ಇಲ್ಲಿ ನನ್ನ ಮನಸ್ಸು ತಡೆಯಲು ಹೋದವರ ಕಡೆಗೇ. ಹೀಗೆ ಹರಕೆ ತೀರಿಸುತ್ತಿದ್ದವರಲ್ಲಿ ಹೆಚ್ಚಿನವರು ದಲಿತ, ಹಿಂದುಳಿದ ಮನೆಗಳ ಹೆಂಗಸರು. ಒಳ್ಳೆಯದೋ ಕೆಟ್ಟದ್ದೋ ಅನ್ನುವುದಕ್ಕಿಂತ ಮೊದಲು, ಯಾವ ಜಾತಿಯವರ ಮೈ ಮೇಲೆ ಈ ಹರಕೆ ಬೀಳುತ್ತದೆ ಅಂತ ಕೇಳಬೇಕು. ರೈತನ ಕಲ್ಲಿಗೆ ಈ ಪ್ರಶ್ನೆ ಹತ್ತುವುದಿಲ್ಲ. ಚಂದ್ರಗುತ್ತಿಗೆ ಹತ್ತುತ್ತದೆ.

ಇಂಥ ಮಾತಿಗೆ ಊರಿನಲ್ಲಿ ಬೆಲೆ ತೆತ್ತವರಿದ್ದಾರೆ. ವಚನ ಸಾಹಿತ್ಯವನ್ನು ಜೀವಮಾನವಿಡೀ ಸಂಶೋಧಿಸಿದ ಎಂ.ಎಂ. ಕಲಬುರ್ಗಿಯವರನ್ನು 2015ರ ಆಗಸ್ಟ್ 30ರಂದು ಧಾರವಾಡದ ಅವರ ಮನೆಯಲ್ಲೇ ಗುಂಡಿಟ್ಟು ಕೊಂದರು. ಇಲ್ಲಿ ದೂರದಲ್ಲಿ ಕೂತ ನಮಗೆ ಆ ಭಯವಿಲ್ಲ. ಹೆಚ್ಚೆಂದರೆ ಊಟದ ಹೊತ್ತಿನಲ್ಲಿ ಯಾರೋ ಒಂದಿಬ್ಬರು ಮುನಿಸಿಕೊಳ್ಳಬಹುದು. ಅಷ್ಟಕ್ಕೇ ಹೆದರಿ ಸುಮ್ಮನಿರುವುದು ನನಗೆ ಸರಿ ಕಾಣುವುದಿಲ್ಲ.

ಬಂದ ಅತಿಥಿಗೆ ಹಾರ, ಶಾಲು, ಫೋಟೋ ಆದಮೇಲೆ ಪ್ರಶ್ನೆಗೆ ಹತ್ತು ನಿಮಿಷವೂ ಉಳಿಯುವುದಿಲ್ಲ. ಇನ್ನು ಮುಂದೆ ಕಾರ್ಯಕ್ರಮದ ಮರುದಿನ ಯಾರಾದರೂ ಒಬ್ಬರ ಮನೆಯಲ್ಲಿ ಕೂತು, ಕಾಫಿ ಕುಡಿಯುತ್ತಾ, ನಿಧಾನವಾಗಿ ಮಾತಾಡೋಣ. ನಮ್ಮ ಬದುಕಿನ ಪ್ರಶ್ನೆಗಳೇ ಸಾಕಷ್ಟಿವೆ. ಲ್ಯಾಬಿನಲ್ಲಿ ಪುರಾವೆ ಇಲ್ಲದೆ ಒಂದು ಸಾಲೂ ಬರೆಯದವರು ಮನೆ ಕೊಳ್ಳುವಾಗ ಪೂರ್ವದ ಬಾಗಿಲೇ ಬೇಕು ಅನ್ನುತ್ತೇವೆ. ಅದು ತಪ್ಪೇ, ಅಥವಾ ಅಜ್ಜಿಯ ಮಾತಿಗೆ ಕೊಡುವ ಗೌರವವೇ? ಸಮುದ್ರ ದಾಟಿ ಬಂದರೂ ನಮ್ಮ ಮದುವೆ ಮಾತುಕತೆಗಳಲ್ಲಿ ಜಾತಿ ಯಾಕೆ ಮೊದಲು ಬರುತ್ತದೆ? ಇವನ್ನು ಸಮಾಜಶಾಸ್ತ್ರದವರ ಮುಂದೆ, ಕಾದಂಬರಿ ಬರೆಯುವವರ ಮುಂದೆ ಇಡಬೇಕು. ದೇವರಮನೆಯಲ್ಲಿ ದಿನಾ ದೀಪ ಹಚ್ಚುವವರೂ ಬಂದು ಎದುರು ವಾದ ಮಾಡಲಿ. ಅವರಿಲ್ಲದಿದ್ದರೆ ಒಂದೇ ಅಭಿಪ್ರಾಯದವರ ಕೂಟವಾಗಿಬಿಡುತ್ತದೆ.

ಮೊದಲ ಮಾತುಕತೆಗೆ ಒಬ್ಬ ಕಥೆಗಾರ್ತಿ ಮತ್ತು ಜೀವವಿಜ್ಞಾನ ಕಲಿಸುವ ಒಬ್ಬ ಪ್ರಾಧ್ಯಾಪಕರು ಒಪ್ಪಿದ್ದಾರೆ. ಈ ತಿಂಗಳ ಕೊನೆಯೊಳಗೆ ನಿಮ್ಮ ಪ್ರಶ್ನೆಗಳನ್ನು ಸಂಪಾದಕ ಮಂಡಳಿಗೆ ಕಳಿಸಿ. ಹೆಸರು ಹಾಕಲು ಮುಜುಗರವಾದರೆ ಬೇಡ. ಮಕ್ಕಳು ಇಂಗ್ಲಿಷಿನಲ್ಲಿ ಬರೆದು ಕೊಟ್ಟರೂ ಸರಿ, ಕನ್ನಡಕ್ಕೆ ತರುವ ಕೆಲಸ ನಮ್ಮದು.