ನನಗಿಂತ ಮೊದಲು ಹೆತ್ತ ತಾಯಂದಿರಿಗೆ

ನನ್ನ ಮಗಳಿಗೆ ಮೊನ್ನೆ ವರ್ಷ ತುಂಬಿತು. ಬಸುರಿನ ಮೂವತ್ತನಾಲ್ಕನೆಯ ವಾರದಲ್ಲಿ ನನ್ನ ರಕ್ತದೊತ್ತಡ 160/110 ದಾಟಿ, ಮೂತ್ರದಲ್ಲಿ ಪ್ರೋಟೀನ್ ಕಾಣಿಸಿಕೊಂಡು, ವೈದ್ಯರು ತೀವ್ರ ಪ್ರಿಎಕ್ಲಾಂಪ್ಸಿಯಾ (ಬಸುರಿನಲ್ಲಿ ಬಿ.ಪಿ. ಏರಿ ಫಿಟ್ಸ್‌ವರೆಗೂ ಹೋಗಬಲ್ಲ ಕಾಯಿಲೆ) ಎಂದು ಬರೆದಾಗ, ತಾಯಿ ಮಗು ಇಬ್ಬರೂ ಮನೆಗೆ ಮರಳುತ್ತೇವೆಂದು ಖಚಿತವಾಗಿ ಹೇಳುವ ಸ್ಥಿತಿಯಲ್ಲಿ ಯಾರೂ ಇರಲಿಲ್ಲ. ಮರಳಿದೆವು. ಅತ್ತೆಯವರು ಸವದತ್ತಿ ಯಲ್ಲಮ್ಮನಿಗೆ ಹೊತ್ತ ಹರಕೆಯನ್ನು ಬಾಣಂತನ ಮುಗಿದ ಕೂಡಲೇ ತೀರಿಸಿ ಬಂದರು. ನಾನು ತೀರಿಸಬೇಕಾದ ಋಣ ಬೇರೆ ಕಡೆ ಇತ್ತು, ಅದು ಯಾರ ಋಣವೆಂದು ತಿಳಿದುಕೊಳ್ಳುವುದಕ್ಕೇ ಇಷ್ಟು ಕಾಲ ಹಿಡಿಯಿತು.

ಮೊದಲ ವಂದನೆ ನಮ್ಮೂರಿನ ಆಶಾ ಕಾರ್ಯಕರ್ತೆಗೆ ಸಲ್ಲಬೇಕು. ಮೂವತ್ತಾರು ದಾಟಿದ ಮೇಲಿನ ಮೊದಲ ಬಸುರು, ಜೊತೆಗೆ ನನ್ನ ತಾಯಿಗೂ ಬಿ.ಪಿ. ಇದ್ದ ಕಾರಣ, ನನ್ನ ಬಸುರಿನ ತಪಾಸಣೆಯ ‘ತಾಯಿ ಕಾರ್ಡಿ’ನ ಮೇಲೆ ಆರಂಭದಲ್ಲೇ ಅಪಾಯದ ಕೆಂಪು ಚೀಟಿ ಅಂಟಿತ್ತು. ಪ್ರತಿ ತಿಂಗಳ 9ನೇ ತಾರೀಖಿನ ತಪಾಸಣೆಯನ್ನು ನಾನು ಕಾಲೇಜಿನ ಕೆಲಸದ ನೆಪ ಹೇಳಿ ಮುಂದೂಡಲು ನೋಡಿದರೆ, ಅವರು ಬಿಡುತ್ತಿರಲಿಲ್ಲ. ಮೂವತ್ತನಾಲ್ಕನೆಯ ವಾರದ ಆ ದಿನ ಬಾಗಿಲಲ್ಲಿ ನಿಂತು ನನ್ನನ್ನೊಮ್ಮೆ ನೋಡಿದವರೇ, "ಮಾರಿ ಬಾತೈತ್ರಿ ಅಕ್ಕಾರ, ಮೊದಲ ಬಿ.ಪಿ. ನೋಡಸೂಣು ಬರ್ರಿ" ಎಂದರು. ತಲೆನೋವನ್ನು ನಾನು ಪರೀಕ್ಷೆಯ ಉತ್ತರಪತ್ರಿಕೆಗಳ ಮೌಲ್ಯಮಾಪನದ ಲೆಕ್ಕಕ್ಕೆ ಹಾಕಿಕೊಂಡಿದ್ದೆ. 2025ರ ಜನವರಿಯಲ್ಲಿ ಗೌರವಧನಕ್ಕಾಗಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಚಳಿಯಲ್ಲಿ ಧರಣಿ ಕುಳಿತ ಆಶಾ ಕಾರ್ಯಕರ್ತೆಯರಲ್ಲಿ ಇವರೂ ಒಬ್ಬರು. ಅವರಿಗೆ ಸಲ್ಲಬೇಕಾದದ್ದನ್ನು ನನ್ನ ಈ ವಂದನೆ ತುಂಬಿಕೊಡಲಾರದು ಎಂಬುದನ್ನೂ ಇಲ್ಲೇ ಹೇಳಿಬಿಡುತ್ತೇನೆ.

ಆಸ್ಪತ್ರೆಯ ಹೆರಿಗೆ ಕೋಣೆಯ ಸಿಬ್ಬಂದಿ ನನಗೆ ಕೊಟ್ಟದ್ದು ಫಿಟ್ಸ್ ಬಾರದಂತೆ ತಡೆಯುವ ಮೆಗ್ನೀಸಿಯಂ ಸಲ್ಫೇಟ್. ರಕ್ತನಾಳಕ್ಕೆ ನಿಧಾನವಾಗಿ ನಾಲ್ಕು ಗ್ರಾಂ, ಆಮೇಲೆ ಎರಡೂ ಪೃಷ್ಠಗಳಿಗೆ ಐದೈದು ಗ್ರಾಂ. ಸೂಜಿ ಇಳಿಯುತ್ತಿದ್ದಂತೆ ಗಂಟಲಿನಿಂದ ಅಂಗಾಲಿನವರೆಗೆ ಕಾವು ಹರಿಯಿತು. "ಮೈ ಬೆಂಕಿ ಆಗತೈತ್ರಿ, ಹೆದರಬ್ಯಾಡ್ರಿ, ಅದು ಔಷಧದ ಗುಣ" ಎಂದು ಶುಶ್ರೂಷಕಿ ಮುಂಚಿತವಾಗಿಯೇ ಹೇಳಿದ್ದರು. ಆ ಔಷಧ ಮೈಯಲ್ಲಿ ಹೆಚ್ಚಾದರೆ ಉಸಿರಾಟವನ್ನೇ ತಡೆಯಬಲ್ಲದಾದ್ದರಿಂದ, ನಾಲ್ಕು ಗಂಟೆಗೊಮ್ಮೆ ಮುಂದಿನ ಚುಚ್ಚುಮದ್ದಿಗೆ ಮೊದಲು ಅವರು ಪುಟ್ಟ ಸುತ್ತಿಗೆಯಿಂದ ನನ್ನ ಮಂಡಿಯ ಕೆಳಗೆ ತಟ್ಟಿ ಕಾಲು ಎಗರುವುದನ್ನು ನೋಡುತ್ತಿದ್ದರು, ಗಡಿಯಾರ ಹಿಡಿದು ಉಸಿರು ಎಣಿಸುತ್ತಿದ್ದರು, ಮೂತ್ರದ ಚೀಲವನ್ನು ಬೆಳಕಿಗೆ ಎತ್ತಿ ಅಳತೆ ಬರೆದುಕೊಳ್ಳುತ್ತಿದ್ದರು. ಪಕ್ಕದ ತಟ್ಟೆಯಲ್ಲಿ ಪ್ರತ್ಯೌಷಧವಾದ ಕ್ಯಾಲ್ಸಿಯಂ ಗ್ಲುಕೊನೇಟ್ ಸಿದ್ಧವಾಗಿತ್ತು. ರಾತ್ರಿಯಿಡೀ ಈ ಕ್ರಮ ಒಮ್ಮೆಯೂ ತಪ್ಪಲಿಲ್ಲ. ನನಗೆ ನಂಜು ಬರಲಿಲ್ಲ, ಎಂದರೆ ಫಿಟ್ಸ್ ಬರಲಿಲ್ಲ.

ಗುಣಮುಖಳಾದ ಮೇಲೆ ಈ ಕ್ರಮ ಎಲ್ಲಿಂದ ಬಂತೆಂದು ಹುಡುಕಿದೆ. ನಾನು ಪದವಿ ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಕಲಿಸುವವಳು, ಆದ್ದರಿಂದ ಹುಡುಕಾಟ ವೈದ್ಯಕೀಯ ಪ್ರಯೋಗಗಳ ವರದಿಗಳಿಗೆ ಹೋಗಿ ಮುಟ್ಟಿದ್ದು ಸಹಜ. ಮ್ಯಾಗ್‌ಪೈ ಎಂಬ ಹೆಸರಿನ ಅಧ್ಯಯನದ ಫಲಿತಾಂಶ 2002ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. 33 ದೇಶಗಳ 10,141 ಮಹಿಳೆಯರು ಅದರಲ್ಲಿ ಭಾಗವಹಿಸಿದ್ದರು. ಎಲ್ಲರಿಗೂ ನನ್ನದೇ ಕಾಯಿಲೆ. ಅರ್ಧದಷ್ಟು ಜನರಿಗೆ ಮೆಗ್ನೀಸಿಯಂ, ಉಳಿದವರಿಗೆ ನೋಡಲು ಹಾಗೆಯೇ ಇದ್ದ, ಔಷಧವಿಲ್ಲದ ದ್ರಾವಣ. ಯಾರಿಗೆ ಯಾವುದು ಎಂಬುದನ್ನು ಚೀಟಿ ಎತ್ತಿದ ಹಾಗೆ ಅದೃಷ್ಟಕ್ಕೆ ಬಿಡಲಾಗಿತ್ತು, ಕೊಡುವವರಿಗೂ ಪಡೆಯುವವರಿಗೂ ಅದು ಗೊತ್ತಿರಲಿಲ್ಲ. ಔಷಧ ಪಡೆದವರಲ್ಲಿ ಫಿಟ್ಸ್ ಬಂದದ್ದು 40 ಜನರಿಗೆ, ಪಡೆಯದವರಲ್ಲಿ 96 ಜನರಿಗೆ. ಔಷಧ ಪಡೆದ ನೂರು ಜನರಲ್ಲಿ ಇಪ್ಪತ್ತನಾಲ್ಕು ಜನರಿಗೆ ಅಡ್ಡಪರಿಣಾಮ ಕಾಣಿಸಿಕೊಂಡಿದ್ದು, ಅದರಲ್ಲಿ ಹೆಚ್ಚಿನದು ಇದೇ ಮೈಕಾವು. ನನ್ನ ಶುಶ್ರೂಷಕಿ ಅಷ್ಟು ನಿಶ್ಚಿಂತೆಯಿಂದ ಹೇಳಿದ ಮಾತಿಗೆ ಆಧಾರ ಆ ಹೆಣ್ಣುಮಕ್ಕಳ ಅನುಭವವೇ.

ಆ 96 ಜನರ ಬಗ್ಗೆ ನಾನು ಬಹಳ ಯೋಚಿಸಿದ್ದೇನೆ. ಚೀಟಿ ಇನ್ನೊಂದು ಬದಿಗೆ ಬಿದ್ದಿದ್ದರೆ ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಜನರಿಗೆ ಫಿಟ್ಸ್ ತಪ್ಪುತ್ತಿತ್ತು. ತರಗತಿಯಲ್ಲಿ ಯಾದೃಚ್ಛಿಕ ಹಂಚಿಕೆ ಎಂದು ಬೋರ್ಡಿನ ಮೇಲೆ ಬರೆದು, ಎರಡು ಗುಂಪುಗಳಿಗೆ ಅ ಮತ್ತು ಬ ಎಂದು ಹೆಸರಿಟ್ಟು ಲೆಕ್ಕ ಮಾಡಿಸುವಾಗ, ಬ ಗುಂಪಿನಲ್ಲಿ ಒಬ್ಬಾಕೆ ಮಂಚದ ಮೇಲೆ ನಾಲಗೆ ಕಚ್ಚಿಕೊಂಡು ಸೆಟೆದುಕೊಂಡಿರುತ್ತಾಳೆ ಎಂಬುದು ಕಣ್ಣಿಗೆ ಕಟ್ಟುವುದಿಲ್ಲ. ಆದರೆ ಈ ಹೋಲಿಕೆ ನಡೆಯದೇ ಹೋಗಿದ್ದರೆ, ಕೊಡಬೇಕೋ ಬೇಡವೋ ಎಂಬ ಅನುಮಾನದಲ್ಲೇ ವೈದ್ಯರು ಇರುತ್ತಿದ್ದರು, ಆ ಅನುಮಾನಕ್ಕೆ ಬಲಿಯಾಗುವವರ ಲೆಕ್ಕವನ್ನು ಯಾರೂ ಇಡುತ್ತಿರಲಿಲ್ಲ.

ಹೆರಿಗೆಯಾದ ಮೇಲೆ ನನಗೆ ರಕ್ತಸ್ರಾವ ಆರಂಭವಾಯಿತು. ಮಗು ಹೊರಬಂದ ಕೂಡಲೇ ನನ್ನ ಕೆಳಗೆ ಒಂದು ಪಾರದರ್ಶಕ ಪ್ಲಾಸ್ಟಿಕ್ ಹಾಸು ಸರಿಸಿದ್ದರು. ಅದರ ತುದಿ ಆಲಿಕೆಯಂತೆ ಕಿರಿದಾಗಿ, ಮಂಚದ ಅಂಚಿನಿಂದ ಕೆಳಕ್ಕೆ ಇಳಿಬಿದ್ದಿತ್ತು, ಅದರ ಮೇಲೆ ಮಿಲಿಲೀಟರಿನ ಗೆರೆಗಳಿದ್ದವು. ರಕ್ತ ಗೆರೆಯಿಂದ ಗೆರೆಗೆ ಏರುತ್ತಿದ್ದುದನ್ನು ಕಂಡ ಶುಶ್ರೂಷಕಿ ಕೂಗಿ ಕರೆದರು. ಗರ್ಭಕೋಶವನ್ನು ಹೊಟ್ಟೆಯ ಮೇಲಿನಿಂದ ಗಟ್ಟಿಯಾಗಿ ತಿಕ್ಕುವುದು, ಗರ್ಭಕೋಶವನ್ನು ಬಿಗಿಗೊಳಿಸುವ ಆಕ್ಸಿಟೋಸಿನ್, ರಕ್ತದ ಹೆಪ್ಪು ಕರಗದಂತೆ ಕಾಯುವ ಟ್ರಾನೆಕ್ಸಾಮಿಕ್ ಆಮ್ಲ, ಎಲ್ಲವೂ ಬೆನ್ನುಬೆನ್ನಿಗೆ ನಡೆದು ಸ್ರಾವ ನಿಂತಿತು. ಕಣ್ಣಂದಾಜಿಗೆ ಬಿಟ್ಟಿದ್ದರೆ ಆ ಕೂಗು ಎಷ್ಟು ತಡವಾಗುತ್ತಿತ್ತೋ ಹೇಳಲಾಗದು. ಕೀನ್ಯಾ, ನೈಜೀರಿಯಾ, ದಕ್ಷಿಣ ಆಫ್ರಿಕಾ, ಟಾಂಜಾನಿಯಾಗಳ 80 ಆಸ್ಪತ್ರೆಗಳಲ್ಲಿ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಇಂಥ ಹಾಸು ಬಳಸಿದ ಕಡೆ ಅತಿಸ್ರಾವದ ನೂರರಲ್ಲಿ 93 ಪ್ರಕರಣಗಳು ಗೊತ್ತಾದರೆ, ಬಳಸದ ಕಡೆ ಗೊತ್ತಾದದ್ದು ಸುಮಾರು ಅರ್ಧ ಮಾತ್ರ. ಹಾಸಿನ ಜೊತೆಗೆ ಚಿಕಿತ್ಸೆಯನ್ನೂ ಒಟ್ಟಿಗೆ ಕೊಟ್ಟಾಗ ತೀವ್ರ ತೊಂದರೆಗಳು ಶೇಕಡ 60ರಷ್ಟು ತಗ್ಗಿದವು.

ಓದುತ್ತಾ ಹೋದಂತೆ ದಾರಿ ಬೆಳಗಾವಿಗೆ ಬಂದು ನಿಂತಿತು, ನನ್ನ ತವರಿನ ಜಿಲ್ಲೆಗೆ. ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜಿನ ಬಿ.ಎಸ್. ಕೊಡಕಣಿ, ಶಿವಪ್ರಸಾದ ಗೌಡರ ಮೊದಲಾದವರು ಅಮೆರಿಕದ ರಿಚರ್ಡ್ ಡರ್ಮನ್ ಅವರೊಂದಿಗೆ ಸೇರಿ, 2002ರಿಂದ 2005ರವರೆಗೆ ಜಿಲ್ಲೆಯ ಹಳ್ಳಿಗಳಲ್ಲಿ ಒಂದು ಪ್ರಯೋಗ ನಡೆಸಿದ್ದರು. ಮನೆಯಲ್ಲೋ ಉಪಕೇಂದ್ರದಲ್ಲೋ ಹೆರಿಗೆಯಾಗುತ್ತಿದ್ದ 1620 ಮಹಿಳೆಯರು, ಹೆರಿಗೆ ಮಾಡಿಸುತ್ತಿದ್ದ ಎಎನ್‌ಎಂಗಳು (ಹಳ್ಳಿಯ ಉಪಕೇಂದ್ರದ ದಾದಿಯರು), ಮತ್ತು ಬಾಯಲ್ಲಿ ನುಂಗುವ, ಗರ್ಭಕೋಶವನ್ನು ಬಿಗಿಗೊಳಿಸುವ ಮಿಸೊಪ್ರೊಸ್ಟಾಲ್ ಗುಳಿಗೆ. ಆಕ್ಸಿಟೋಸಿನ್ ತಂಪಿನಲ್ಲಿ ಇಡಬೇಕಾದ ಚುಚ್ಚುಮದ್ದು, ಫ್ರಿಜ್ಜೂ ಇಲ್ಲದ, ವಿದ್ಯುತ್ತೂ ಖಾತ್ರಿಯಿಲ್ಲದ ಊರಿನಲ್ಲಿ ಗುಳಿಗೆಯಿಂದ ಕೆಲಸವಾಗುತ್ತದೆಯೇ ಎಂಬುದು ಪ್ರಶ್ನೆ. ರಕ್ತವನ್ನು ಅಳೆಯಲು ಗೆರೆಯುಳ್ಳ ಇಂಥದ್ದೇ ಹಾಸನ್ನು ಬಳಸಿದ್ದರು, ಏಕೆಂದರೆ ಹಳೆಯ ಸೀರೆಗೆ ಇಂಗಿದ ರಕ್ತವನ್ನು ಯಾರು ಅಳೆದಾರು? ಹಾಸಿನ ಅಳತೆಗೆ ಹೋಲಿಸಿದರೆ ಕಣ್ಣಂದಾಜು ಮೂರನೇ ಒಂದು ಭಾಗದಷ್ಟು ಕಡಿಮೆ ಹೇಳುತ್ತದೆಂದು ಅದೇ ತಂಡ ತೋರಿಸಿತು. ಔಷಧವಿಲ್ಲದ ಗುಳಿಗೆ ನುಂಗಿದವರಲ್ಲಿ ನೂರಕ್ಕೆ 12 ಜನರಿಗೆ ಅತಿಸ್ರಾವವಾದರೆ, ಮಿಸೊಪ್ರೊಸ್ಟಾಲ್ ನುಂಗಿದವರಲ್ಲಿ ಅದು 6.4ಕ್ಕೆ ಇಳಿದಿತ್ತು. 2006ರಲ್ಲಿ ಇದು ಲ್ಯಾನ್ಸೆಟ್‌ನಲ್ಲಿ ಬಂತು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಬಳಕೆಗಾಗಿ ಗುಳಿಗೆಯನ್ನು ಅತ್ಯಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ಪ್ರಯೋಗ ನಡೆದ ವರ್ಷಗಳಲ್ಲಿ ನಾನು ಅದೇ ಜಿಲ್ಲೆಯಲ್ಲಿ ಶಾಲೆ ಕಲಿಯುತ್ತಿದ್ದೆ, ಈ ಸುದ್ದಿ ನನ್ನ ಕಿವಿಗೆ ಬಿದ್ದಿರಲಿಲ್ಲ.

ಎಲ್ಲ ಪ್ರಯೋಗಗಳೂ ಹೀಗೆ ಗೆದ್ದಿಲ್ಲ. ಬೆಳಗಾವಿ ಮತ್ತು ಬಾಗಲಕೋಟೆ ಜಿಲ್ಲೆಗಳಲ್ಲಿ, ಆಶಾ ಮತ್ತು ಎಎನ್‌ಎಂಗಳೇ ಮನೆಮನೆಗೆ ಹೋಗಿ ಬಿ.ಪಿ. ನೋಡಿ, ಅಗತ್ಯ ಬಿದ್ದರೆ ಮೊದಲ ಔಷಧ ಕೊಟ್ಟು ಆಸ್ಪತ್ರೆಗೆ ಕಳಿಸುವ ಕ್ಲಿಪ್ ಎಂಬ ಅಧ್ಯಯನ ನಡೆಯಿತು. ಸಾವು ಮತ್ತು ತೀವ್ರ ತೊಂದರೆಗಳ ಒಟ್ಟು ಲೆಕ್ಕ ಅದರಿಂದ ಇಳಿಯಲಿಲ್ಲ. ಮನೆಬಾಗಿಲಲ್ಲಿ ಒಬ್ಬ ಆಶಾ ಕಾರ್ಯಕರ್ತೆಯ ಕಣ್ಣಿನಿಂದ ಉಳಿದ ನನಗೆ ಈ ಫಲಿತಾಂಶವನ್ನು ಒಪ್ಪಿಕೊಳ್ಳುವುದು ಸುಲಭವಾಗಲಿಲ್ಲ, ಆದರೆ ನನ್ನೊಬ್ಬಳ ಕಥೆ ಸಾವಿರಾರು ಬಸುರಿಯರ ಲೆಕ್ಕವನ್ನು ಅಳಿಸಲಾರದು. ಗುರುತಿಸಿ ಕಳಿಸಿದವರನ್ನು ಬರಮಾಡಿಕೊಳ್ಳುವ ಆಸ್ಪತ್ರೆಯೂ ಸಜ್ಜಾಗಿರಬೇಕು ಎಂದು ನಾನು ಅದನ್ನು ಅರ್ಥ ಮಾಡಿಕೊಂಡಿದ್ದೇನೆ. ಅದರಲ್ಲಿ ಭಾಗವಹಿಸಿದವರಿಗೂ ನನ್ನ ವಂದನೆ ಅಷ್ಟೇ ಇದೆ. ಒಬ್ಬಳ ಕಥೆ ಬೇರೆ, ಎಲ್ಲರ ಲೆಕ್ಕ ಬೇರೆ ಎಂಬುದಕ್ಕೆ ಹನ್ನೆರಡನೆಯ ವಾರದಿಂದ ನಾನು ನುಂಗಿದ ಆಸ್ಪಿರಿನ್ ಇನ್ನೊಂದು ಉದಾಹರಣೆ. 2020ರಲ್ಲಿ ಪ್ರಕಟವಾದ, ಬೆಳಗಾವಿಯೂ ಸೇರಿದ್ದ ಆರು ದೇಶಗಳ ಅಧ್ಯಯನದಲ್ಲಿ ಅವಧಿಪೂರ್ವ ಹೆರಿಗೆ ನೂರಕ್ಕೆ 13.1ರಿಂದ 11.6ಕ್ಕೆ ಇಳಿದಿತ್ತು. ನನಗೆ ಅದು ತಪ್ಪಲಿಲ್ಲ, ನಾನು ಆ 11.6ರ ಕಡೆಯವಳು.

ಕರ್ನಾಟಕದಲ್ಲಿ ಲಕ್ಷ ಜೀವಂತ ಜನನಕ್ಕೆ ತಾಯಂದಿರ ಸಾವು 2004-06ರಲ್ಲಿ 213 ಇದ್ದದ್ದು 2018-20ರ ಹೊತ್ತಿಗೆ 69ಕ್ಕೆ ಬಂದಿದೆ. ರಸ್ತೆ, ಆಂಬುಲೆನ್ಸ್, ಆಸ್ಪತ್ರೆ ಹೆರಿಗೆ, ರಕ್ತನಿಧಿ, ಇದಕ್ಕೆ ಕಾರಣ ಹಲವು. ನನ್ನ ಪರವಾಗಿ ಪಾಠ ಮಾಡಿದ ಸಹೋದ್ಯೋಗಿಗಳು, ಆಸ್ಪತ್ರೆಯ ಪಡಸಾಲೆಯಲ್ಲಿ ಮಲಗಿದ ನನ್ನ ಪತಿ, ನವಜಾತ ಶಿಶು ಘಟಕದವರು, ರಕ್ತ ಕೊಡಲು ಸಿದ್ಧರಾಗಿ ಬಂದು ನಿಂತ ನನ್ನ ಹಳೆಯ ವಿದ್ಯಾರ್ಥಿಗಳು, ಇವರಿಗೆಲ್ಲ ಮುಖಾಮುಖಿ ಕೃತಜ್ಞತೆ ಹೇಳಿದ್ದೇನೆ.

ಹೇಳಲು ಆಗದೆ ಉಳಿದವರು ಆ 1620 ಜನ. ವರದಿಯಲ್ಲಿ ಅವರ ಹೆಸರಿಲ್ಲ, ಇರಲೂಬಾರದು. ಅವರ ಮಕ್ಕಳಿಗೆ ಈಗ ಇಪ್ಪತ್ತರ ಆಸುಪಾಸಿನ ವಯಸ್ಸು, ಅವರಲ್ಲಿ ಕೆಲವರು ನನ್ನ ತರಗತಿಯಲ್ಲೇ ಕುಳಿತಿದ್ದರೂ ಇರಬಹುದು. ಬೆಳಗಾವಿ ಜಿಲ್ಲೆಯ ಹಳ್ಳಿಯಲ್ಲಿ ಆ ವರ್ಷಗಳಲ್ಲಿ ಹುಟ್ಟಿದವರು ಯಾರಾದರೂ ಇದನ್ನು ಓದುತ್ತಿದ್ದರೆ, ಹೆರಿಗೆಯಾದ ಕೂಡಲೇ ಎಎನ್‌ಎಂ ಅಕ್ಕ ಗುಳಿಗೆ ನುಂಗಿಸಿ, ಗೆರೆಯಿದ್ದ ಪ್ಲಾಸ್ಟಿಕ್ ಹಾಸು ಹಾಸಿದ್ದು ನೆನಪಿದೆಯೇ ಎಂದು ನಿಮ್ಮ ತಾಯಿಯನ್ನೊಮ್ಮೆ ಕೇಳಿ. ನೆನಪಿದೆ ಎಂದರೆ, ಆ ಗುಳಿಗೆಯಲ್ಲಿ ಔಷಧವಿತ್ತೋ ಇಲ್ಲವೋ, ಅದನ್ನು ನುಂಗಿದ್ದರಿಂದ ಏನಾಯಿತೆಂಬುದನ್ನು ದಯವಿಟ್ಟು ಅವರಿಗೆ ಓದಿ ಹೇಳಿ.