ಗೇಟ್ ಪಾಸಿನ ಮೇಲೆ ಮೊದಲ ದಿನದ ತಾರೀಖು ಇರಲಿ

ಸಂಪಾದಕರಿಗೆ ನಮಸ್ಕಾರ.

ಕಾರವಾರದ ಹತ್ತಿರದ ಒಂದು ದೊಡ್ಡ ಕಂಪನಿಯಲ್ಲಿ ಗುತ್ತಿಗೆ ಕೆಲಸದವರ ಸೂಪರ್‌ವೈಸರ್ ನಾನು. ಹೌಸ್‌ಕೀಪಿಂಗ್, ಗಾರ್ಡನ್, ಕ್ಯಾಂಟೀನಿನ ಪಾತ್ರೆ ತೊಳೆಯುವವರು, ರಿಪೇರಿಗೆ ಮಷಿನ್ ನಿಲ್ಲಿಸುವ ಶಟ್‌ಡೌನ್ ಬಂದಾಗ ಹೆಲ್ಪರ್‌ಗಳು, ಎಲ್ಲ ನಮ್ಮ ಗುತ್ತಿಗೆದಾರರ ಜನ. ಕಂಪನಿ ಹೆಸರು ಬರೆಯುವುದಿಲ್ಲ. ಬರೆದರೆ ನಾಳೆ ಗೇಟಿನ ಮಷಿನ್ ನನ್ನ ಪಾಸನ್ನೇ ಹಿಡಿಯಲಿಕ್ಕಿಲ್ಲ.

ಹೋದ ತಿಂಗಳು ನಮ್ಮನ್ನೆಲ್ಲ ಕರೆದು ಒಂದು ಮೀಟಿಂಗ್ ಮಾಡಿದರು. ಇನ್ನು ಮೇಲೆ ಗುತ್ತಿಗೆ ಜನರ ವ್ಯವಹಾರವೆಲ್ಲ ‘ಮ್ಯಾನೇಜ್ಡ್ ಸರ್ವಿಸ್ ಪ್ರೋಗ್ರಾಮ್’ ಮೂಲಕವಂತೆ. ಬೆಂಗಳೂರಿನಿಂದ ಬಂದವರು ಪರದೆಯ ಮೇಲೆ ಬಾಣ, ಚೌಕ ಎಲ್ಲ ತೋರಿಸಿದರು. ನನಗೆ ತಿಳಿದದ್ದು ಇಷ್ಟು. ಈಗ ಸಿವಿಲ್‌ನವರಿಗೆ ಒಬ್ಬ ಗುತ್ತಿಗೆದಾರ, ಕ್ಯಾಂಟೀನಿಗೆ ಇನ್ನೊಬ್ಬ, ಗಾರ್ಡನ್‌ಗೆ ಮತ್ತೊಬ್ಬ. ಒಬ್ಬೊಬ್ಬರದು ಒಂದೊಂದು ರೇಟು, ಒಂದೊಂದು ಬಿಲ್ಲು. ಇನ್ನು ಇವರೆಲ್ಲರ ಮೇಲೆ ಒಂದು ಹೊರಗಿನ ಸಂಸ್ಥೆ ಕೂರುತ್ತದೆ. ಯಾವ ಡಿಪಾರ್ಟ್‌ಮೆಂಟಿಗೆ ಎಷ್ಟು ಜನ ಬೇಕೋ ಅದನ್ನು ಸಾಫ್ಟ್‌ವೇರಿನಲ್ಲಿ ಹಾಕಬೇಕು. ಅದು ಒಪ್ಪಿಗೆ ಪಡೆದ ಎಲ್ಲ ಗುತ್ತಿಗೆದಾರರಿಗೂ ಹೋಗುತ್ತದೆ. ಹಾಜರಿ ಗೇಟಿನಿಂದ ನೇರ ಬರುತ್ತದೆ. ಪಿಎಫ್ (ಭವಿಷ್ಯ ನಿಧಿ), ಇಎಸ್‌ಐ (ಕಾರ್ಮಿಕರ ವಿಮೆ) ಕಟ್ಟಿದ ಚಲನ್ ಹಾಕದಿದ್ದರೆ ಬಿಲ್ ಮುಂದೆ ಹೋಗುವುದಿಲ್ಲ. ಕಂಪನಿಗೆ ತಿಂಗಳಿಗೆ ಒಂದೇ ಬಿಲ್.

ಇದು ಬರಲಿ ಎಂದೇ ನಾನು ಹೇಳುವವಳು. ಗುತ್ತಿಗೆದಾರರ ಕಡೆಯವಳಾಗಿ ಹೀಗೆ ಹೇಳಿದರೆ ನಮ್ಮವರಿಗೆ ಸಿಟ್ಟು ಬರಬಹುದು. ಆದರೆ ಒಂದೇ ಶೆಡ್ಡಿನಲ್ಲಿ ಒಂದೇ ಕೆಲಸ ಮಾಡುವ ಇಬ್ಬರು ಹೆಲ್ಪರ್‌ಗಳಿಗೆ ಬೇರೆ ಬೇರೆ ಸಂಬಳ ಇರುವುದು ಎಲ್ಲರಿಗೂ ಗೊತ್ತು. ಸಂಬಳದಿಂದ ಪಿಎಫ್ ಅಂತ 12% ಮುರಿದು, ಅದನ್ನು ಕಟ್ಟದೇ ಇರುವವರೂ ಇದ್ದಾರೆ. ಮುಂದಿನ ತಿಂಗಳ 15ನೇ ತಾರೀಖಿನೊಳಗೆ ಕಟ್ಟಬೇಕು ಅನ್ನುವುದು ನಿಯಮ. ಕಟ್ಟಿದ್ದಾರಾ ಅಂತ ನೋಡುವವರು ಯಾರು? ಗೇಟಿನಲ್ಲಿ 40 ಜನ ಒಳಗೆ ಹೋಗಿ ಚಲನ್‌ನಲ್ಲಿ 31 ಹೆಸರು ಬಂದರೆ ಸಾಫ್ಟ್‌ವೇರ್ ಅಲ್ಲೇ ಹಿಡಿಯುತ್ತದೆ. ಮುಲಾಜಿಲ್ಲ, ಪರಿಚಯ ಇಲ್ಲ. ಒಳ್ಳೆಯದೇ ಅಲ್ವಾ?

ನಾನು ಬರೆಯಲು ಕೂತದ್ದು ಬೇರೆ ಮಾತಿಗೆ.

ನಮ್ಮ ಗಾರ್ಡನ್‌ನಲ್ಲಿ ಅಂಕೋಲಾ ಕಡೆಯ ಹಾಲಕ್ಕಿ ಸಮುದಾಯದ ಒಬ್ಬ ಅಕ್ಕ ಇದ್ದಾರೆ. ಹಳೆಯ ಗೇಟ್ ಪಾಸುಗಳನ್ನು ಒಂದು ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಸುತ್ತಿ ಇಟ್ಟುಕೊಂಡಿದ್ದಾರೆ. ಮೊನ್ನೆ ಅದನ್ನು ಬಿಚ್ಚಿ ನನ್ನ ಮೇಜಿನ ಮೇಲೆ ಹರಡಿದರು. ಒಂದು ಹಳದಿ, ಒಂದು ನೀಲಿ, ಎರಡು ಬಿಳಿ. ನಾಲ್ಕರಲ್ಲೂ ನಾಲ್ಕು ಗುತ್ತಿಗೆದಾರರ ಹೆಸರು. ಸೇರಿದ ತಾರೀಖೂ ನಾಲ್ಕು. ಫೋಟೊ ಮಾತ್ರ ಒಂದೇ, ಕತ್ತಿನ ತುಂಬ ಕರಿಮಣಿ ಸರ, ಸ್ಟುಡಿಯೋದವನು ಒಂದೇ ಸಲ ತೆಗೆದದ್ದು. ಟೆಂಡರ್ ಬದಲಾದಾಗಲೆಲ್ಲ ಗುತ್ತಿಗೆದಾರ ಬದಲಾಗುತ್ತಾನೆ. ಅಕ್ಕ ಅದೇ ಕುರ್ಪಿ ಹಿಡಿದು ಅದೇ ಗೇಟಿನಲ್ಲಿ ಬರುತ್ತಾರೆ, ಅದೇ ದಾಸವಾಳದ ಸಾಲಿಗೆ ನೀರು ಬಿಡುತ್ತಾರೆ. ಕಾಗದದಲ್ಲಿ ಮಾತ್ರ ಪ್ರತಿ ಸಲ ಹೊಸಬರು.

ಇದರಿಂದ ಏನು ನಷ್ಟ ಅಂತ ಕೇಳಬಹುದು. ಗ್ರ್ಯಾಚ್ಯುಟಿ, ಅಂದರೆ ಕೆಲಸ ಬಿಡುವಾಗ ಸಿಗುವ ಇಡುಗಂಟು, ಬೇಕಾದರೆ ಸಾಮಾನ್ಯವಾಗಿ 5 ವರ್ಷ ಬಿಡದೆ ಕೆಲಸ ಮಾಡಿರಬೇಕು. ಮಾಡಿದ್ದರೆ ವರ್ಷಕ್ಕೆ 15 ದಿನದ ಸಂಬಳದಂತೆ ಸಿಗುತ್ತದೆ. ಎರಡು ವರ್ಷಕ್ಕೊಮ್ಮೆ ಗುತ್ತಿಗೆದಾರ ಬದಲಾಗುವಲ್ಲಿ ಯಾರ ಲೆಕ್ಕದಲ್ಲಿ 5 ವರ್ಷ ಆಗಬೇಕು? ಪಿಎಫ್‌ಗೆ ಯುಎಎನ್ ಎಂಬ ಕಾಯಂ ನಂಬರ್ ಒಂದೇ ಇದ್ದರೂ ಪ್ರತಿ ಗುತ್ತಿಗೆದಾರನ ಕೆಳಗೆ ಬೇರೆ ಖಾತೆ. ಹಳೆಯ ಗುತ್ತಿಗೆದಾರ ಇವರು ತನ್ನಲ್ಲಿ ಕೆಲಸ ಬಿಟ್ಟ ತಾರೀಖು ಹಾಕದೇ ಹೋದರೆ ದುಡ್ಡು ವರ್ಗ ಮಾಡಿಸುವಾಗ ತಕರಾರು. ಆಧಾರ್‌ನಲ್ಲಿ ‘ಗೌಡ’, ಪಿಎಫ್‌ನಲ್ಲಿ ಬರೀ ‘ಗೌ’ ಇದ್ದರಂತೂ ಕೇಳಲೇಬೇಡಿ.

ಹೊಸ ಸಾಫ್ಟ್‌ವೇರಿನಲ್ಲಿ ಪ್ರತಿಯೊಬ್ಬ ಕೆಲಸದವರಿಗೆ ಒಂದು ನಂಬರ್ ಕೊಡುತ್ತಾರಂತೆ. ಗುತ್ತಿಗೆದಾರ ಬದಲಾದರೂ ಆ ನಂಬರ್ ಬದಲಾಗುವುದಿಲ್ಲ. ಅಂದಮೇಲೆ ಈ ಗೇಟಿನೊಳಗೆ ಅವರು ಮೊದಲು ಕಾಲಿಟ್ಟ ದಿನ ಯಾವುದು, ಇಲ್ಲಿಯವರೆಗೆ ಎಷ್ಟು ದಿನ ದುಡಿದರು ಅನ್ನುವುದು ಒಂದು ಬಟನ್ ಒತ್ತಿದರೆ ಬರುತ್ತದೆ. ಅದನ್ನು ಕಂಪನಿಯವರು ಮಾತ್ರ ನೋಡಿದರೆ ಸಾಲದು. ಪಾಸಿನ ಮೇಲೆ ಅಚ್ಚು ಹಾಕಿ. ವರ್ಷಕ್ಕೊಮ್ಮೆ ಹಾಜರಿಯ ಒಂದು ಪ್ರಿಂಟ್ ಕೈಗೆ ಕೊಡಿ. ಹಳೆಯ ಪಾಸು ಇದ್ದವರದನ್ನು ಶುರುವಿನಲ್ಲೇ ಸೇರಿಸಿಕೊಳ್ಳಿ. ಇಲ್ಲದಿದ್ದರೆ ಸಾಫ್ಟ್‌ವೇರ್ ಬಂದ ದಿನವೇ ಎಲ್ಲರೂ ಮತ್ತೆ ಹೊಸಬರಾಗುತ್ತಾರೆ. ಮೀಟಿಂಗಿನಲ್ಲಿ ಇದನ್ನು ಕೇಳಿದೆ. ‘ನೋಟ್ ಮಾಡಿಕೊಂಡಿದ್ದೇವೆ ಮೇಡಂ’ ಅಂದರು. ಬರೆದುಕೊಂಡದ್ದನ್ನು ನಾನು ಕಾಣಲಿಲ್ಲ.

ಇನ್ನೊಂದು ವಿಷಯ, ಗುತ್ತಿಗೆದಾರರ ಮೇಲೆ ಕೂರುವ ಆ ಹೊರಗಿನ ಸಂಸ್ಥೆಯ ಫೀ. ಅದನ್ನು ಗುತ್ತಿಗೆದಾರರ ಬಿಲ್ಲಿನಿಂದಲೇ ಶೇಕಡಾ ಇಷ್ಟು ಅಂತ ಮುರಿಯುವ ಪದ್ಧತಿ ಈ ವ್ಯವಹಾರದಲ್ಲಿ ಜಾಸ್ತಿ. ದೊಡ್ಡ ಏಜೆನ್ಸಿಗಳು ತಡೆದುಕೊಳ್ಳುತ್ತವೆ. ಕಾರವಾರ, ಅಂಕೋಲಾದ ಚಿಕ್ಕ ಗುತ್ತಿಗೆದಾರ ಎಲ್ಲಿಂದ ತರಬೇಕು? ಅವನು ಕೈಗ್ಲೌಸು, ಗಂಬೂಟಿನಲ್ಲಿ ಉಳಿಸುತ್ತಾನೆ. ಮಳೆಗಾಲದಲ್ಲಿ ರೇನ್‌ಕೋಟ್ ಕೇಳಿದರೆ ‘ಹೋದ ವರ್ಷದ್ದು ಇದೆಯಲ್ಲ’ ಅನ್ನುತ್ತಾನೆ. ಸಂಬಳ ತಿಂಗಳ 7ರೊಳಗೆ ಕೊಡಬೇಕು, ಕಂಪನಿಯ ದುಡ್ಡು ಯಾವಾಗಲೋ ಬರುತ್ತದೆ. ನೋಂದಣಿ ಮಾಡಿಸಿದ ಚಿಕ್ಕ ಉದ್ಯಮಗಳಿಗೆ ತಡವೆಂದರೆ 45 ದಿನದೊಳಗೆ ಹಣ ಕೊಡಬೇಕೆಂದು 2006ರ ಕಾಯ್ದೆ ಇದೆ. ಹಾಜರಿಗೆ ಅಷ್ಟು ಚುರುಕಾದ ಸಾಫ್ಟ್‌ವೇರ್ ಬಿಲ್ ಪಾಸು ಮಾಡುವುದಕ್ಕೂ ಅಷ್ಟೇ ಚುರುಕಾಗಿರಲಿ.

ಮತ್ತೆ ಹೊಣೆಯ ಮಾತು. ಈಗಲೇ ಸಂಬಳ ತಡವಾದರೆ ಕಂಪನಿ ಗುತ್ತಿಗೆದಾರನನ್ನು ತೋರಿಸುತ್ತದೆ. ನಡುವೆ ಇನ್ನೊಂದು ಸಂಸ್ಥೆ ಬಂದ ಮೇಲೆ ತೋರಿಸಲು ಇನ್ನೊಂದು ಬಾಗಿಲು ಸಿಕ್ಕಂತಾಯಿತು. ಗುತ್ತಿಗೆದಾರ ಸಂಬಳ ಕೊಡದಿದ್ದರೆ ಕಂಪನಿಯೇ ಕೊಟ್ಟು, ಆಮೇಲೆ ಅವನಿಂದ ವಸೂಲು ಮಾಡಿಕೊಳ್ಳಬೇಕು ಅಂತ 1970ರ ಗುತ್ತಿಗೆ ಕಾರ್ಮಿಕರ ಕಾಯ್ದೆಯಲ್ಲೇ ಇತ್ತು. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಯಲ್ಲೂ ಇದೆ. ಕೆಲಸದವರು ಕೇಳಿದರೆ ಗುತ್ತಿಗೆದಾರ ಅನುಭವ ಪತ್ರ ಕೊಡಬೇಕು ಅಂತಲೂ ಅದರಲ್ಲಿದೆ. ಆದರೆ ಹಿಂದೆ 20 ಜನ ಇದ್ದ ಗುತ್ತಿಗೆದಾರನಿಗೂ ಕಾಯ್ದೆ ತಾಗುತ್ತಿತ್ತು. ಈಗ ಗುತ್ತಿಗೆ ಕೆಲಸದ ಆ ಭಾಗ 50 ಜನ ಇದ್ದವರಿಗೆ. ನಮ್ಮ ಕಡೆಯ ಗುತ್ತಿಗೆದಾರರಲ್ಲಿ ಬಹಳಷ್ಟು ಜನ ಅದಕ್ಕಿಂತ ಚಿಕ್ಕವರು. ಅವರ ಕೈಕೆಳಗೆ ದುಡಿಯುವವರಿಗೆ ಕಂಪನಿಯ ಈ ಹಾಜರಿ ದಾಖಲೆ ಬಿಟ್ಟರೆ ಬೇರೆ ಗಟ್ಟಿ ಸಾಕ್ಷಿ ಏನಿದೆ?

ಕೊನೆಗೆ ಗೇಟಿನ ಸಂಗತಿ. ಹಾಜರಿಗೆ ಬೆರಳಚ್ಚು ಅಂದಿದ್ದಾರೆ. ಸಿಮೆಂಟು ಕಲಸುವವರ, ದಿನವಿಡೀ ಸೋಪಿನ ನೀರಿನಲ್ಲಿ ಕೈ ಇಡುವವರ ಬೆರಳಿನಲ್ಲಿ ಗೆರೆಯೇ ಉಳಿದಿರುವುದಿಲ್ಲ. ಈಗಿನ ಮಷಿನ್‌ನಲ್ಲೇ ನಮ್ಮ ಹೆಂಗಸರು ಸೆರಗಿನಲ್ಲಿ ಬೆರಳು ಒರೆಸಿ ಒರೆಸಿ ಒತ್ತುತ್ತಾರೆ, ಹಿಂದೆ ಸಾಲು ಬೆಳೆಯುತ್ತದೆ. ಜೂನ್, ಜುಲೈನಲ್ಲಿ ಕರೆಂಟು, ನೆಟ್‌ವರ್ಕ್ ಎರಡೂ ದೇವರ ಇಚ್ಛೆ. ಅದೇ ಎರಡು ತಿಂಗಳು ಬೋಟ್ ಬಂದ್ ಇರುವುದರಿಂದ ಮೀನುಗಾರಿಕೆಯ ಹುಡುಗರೂ ಹೆಲ್ಪರ್ ಕೆಲಸಕ್ಕೆ ಬರುತ್ತಾರೆ, ಜನ ಜಾಸ್ತಿ. ಮಷಿನ್ ಹಿಡಿಯದ ದಿನ ಹಾಜರಿ ಹಾಕಲು ಒಂದು ರಿಜಿಸ್ಟರ್ ಅಲ್ಲೇ ಇರಲಿ. ಮೊಬೈಲಿನ ಆ್ಯಪ್ ಬರೀ ಇಂಗ್ಲಿಷ್‌ನಲ್ಲಿದೆ, ಅದು ಕನ್ನಡದಲ್ಲೂ ಬರಲಿ. ದೂರು ಹೇಳಲು ಬೆಂಗಳೂರಿನ ಒಂದು ಫೋನ್ ನಂಬರ್ ಕೊಟ್ಟಿದ್ದಾರೆ. ಅದರ ಬದಲು ಸಂಬಳದ ವಾರದಲ್ಲಾದರೂ ಟೈಮ್ ಆಫೀಸಿನ ಪಕ್ಕ ಒಂದು ಮೇಜು ಹಾಕಿ, ಕನ್ನಡ, ಕೊಂಕಣಿ ಬರುವ ಒಬ್ಬರನ್ನು ಕೂರಿಸಿ. ಪಾಸು ಹಿಡಿದು ಬಂದವರಿಗೆ ತಮ್ಮ ಹಾಜರಿ ಎಷ್ಟು, ಪಿಎಫ್ ಎಷ್ಟು ಬಿದ್ದಿದೆ ಅಂತ ಅಲ್ಲೇ ತೆಗೆದು ತೋರಿಸಲಿ.

— ಒಬ್ಬ ಗುತ್ತಿಗೆ ಸೂಪರ್‌ವೈಸರ್, ಕಾರವಾರ